ಡಂಬಳದ ಸೀಮೆಗೆ ಏರ್ ಆಂಬುಲೆನ್ಸ್: ಹಾರಾಟದ ಲೆಕ್ಕ, ಹಣದ ಲೆಕ್ಕ

ಗದಗದಿಂದ ಮುಂಡರಗಿಗೆ ಹೋಗುವ ಹಾದಿಯಲ್ಲಿ, ಕಪ್ಪತಗುಡ್ಡದ ಸಾಲಿಗೆ ಸಮೀಪದಲ್ಲಿರುವ ಡಂಬಳವು ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರಾಕಾರದ ದೊಡ್ಡಬಸಪ್ಪ ದೇವಾಲಯದಿಂದಾಗಿ ಇತಿಹಾಸಾಸಕ್ತರಿಗೆ ಚಿರಪರಿಚಿತವಾದ ಊರು. ತುರ್ತು ಚಿಕಿತ್ಸೆಯ ದೃಷ್ಟಿಯಿಂದ ನೋಡಿದರೆ ಇದೇ ಊರಿನ ಚಿತ್ರ ಬೇರೆಯಾಗುತ್ತದೆ. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ; ಮಿದುಳಿನ ಶಸ್ತ್ರಚಿಕಿತ್ಸೆಯಂಥ ಹೆಚ್ಚಿನ ಆರೈಕೆಗೆ ಜನ ನೆಚ್ಚಿಕೊಂಡಿರುವ, ಅವರ ಬಾಯಲ್ಲಿ ಇಂದಿಗೂ ಕಿಮ್ಸ್ ಎಂದೇ ಉಳಿದಿರುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಸುಮಾರು 80 ಕಿ.ಮೀ. ಆಚೆಗಿದೆ, ನಿಮ್ಹಾನ್ಸ್, ಜಯದೇವ ಮುಂತಾದ ಕೊನೆಯ ಹಂತದ ಆಸ್ಪತ್ರೆಗಳಿರುವ ಬೆಂಗಳೂರು 400 ಕಿ.ಮೀ. ಆಸುಪಾಸಿನಲ್ಲಿದೆ. ತುಂಗಭದ್ರೆಯ ದಂಡೆಯ ಹಮ್ಮಿಗಿ, ಕೊರ್ಲಹಳ್ಳಿಗಳಂಥ ಊರುಗಳಿಗೆ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರ ತಾಲ್ಲೂಕುಗಳ ಒಳಹಳ್ಳಿಗಳಿಗೆ ಈ ಅಂತರಗಳು ಇನ್ನಷ್ಟು ಹಿಗ್ಗುತ್ತವೆ. ಹೀಗಿರುವಾಗ ದೂರದ ಊರುಗಳಿಗೆ ವಾಯುಮಾರ್ಗದ ತುರ್ತು ವೈದ್ಯಕೀಯ ಸೇವೆ ಬೇಕೇ, ಬೇಕಾದರೆ ಅದರ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ನಿಂತು ಕೇಳುವುದು ಸಕಾರಣವಾಗಿದೆ.

ಏರ್ ಆಂಬುಲೆನ್ಸ್ ಎಂದು ಸಾಮಾನ್ಯವಾಗಿ ಕರೆಯುವ ಸೇವೆಯಲ್ಲಿ ಎರಡು ಬಗೆಗಳಿದ್ದು, ಅವುಗಳ ಉಪಯೋಗವೂ ವೆಚ್ಚವೂ ಬೇರೆಬೇರೆ. ಮೊದಲನೆಯದು ಹೆಲಿಕಾಪ್ಟರ್, ಇದು ರನ್‌ವೇ ಇಲ್ಲದ ಕಡೆಯೂ ಇಳಿಯಬಲ್ಲುದಾದ್ದರಿಂದ ಅಪಘಾತದ ಸ್ಥಳಕ್ಕೆ ಅಥವಾ ಸಣ್ಣ ಆಸ್ಪತ್ರೆಯ ಅಂಗಳಕ್ಕೆ ವೈದ್ಯರನ್ನು ತಲುಪಿಸಿ, ಅಲ್ಲಿಂದ ರೋಗಿಯನ್ನು ಎತ್ತಿಕೊಂಡು ಬರಲು ತಕ್ಕುದಾಗಿದೆ. ಎರಡನೆಯದು ರೆಕ್ಕೆಯ ಸಣ್ಣ ವಿಮಾನ; ಇದಕ್ಕೆ ರನ್‌ವೇ ಬೇಕು, ಆದರೆ ಇದು ಹೆಚ್ಚು ವೇಗವಾಗಿ, ಹೆಚ್ಚು ದೂರ, ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಂಡು ಹಾರಬಲ್ಲುದು. ಎರಡರಲ್ಲಿಯೂ ಉಸಿರಾಟಕ್ಕೆ ನೆರವಾಗುವ ವೆಂಟಿಲೇಟರ್, ಹೃದಯದ ಬಡಿತವನ್ನು ತೋರಿಸುವ ಮಾನಿಟರ್, ಲಯ ತಪ್ಪಿ ಅದುರುವ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್, ಔಷಧವನ್ನು ಹನಿಹನಿಯಾಗಿ ಅಳೆದು ಹರಿಸುವ ಪಂಪು, ಆಮ್ಲಜನಕದ ಸಿಲಿಂಡರ್ ಇವೆಲ್ಲ ಇದ್ದು, ಜೊತೆಗೆ ತೀವ್ರ ನಿಗಾ ಘಟಕದಲ್ಲಿ ಪಳಗಿದ ವೈದ್ಯರೂ ದಾದಿಯರೂ ಇದ್ದಾಗ ಮಾತ್ರ ಆ ವಾಹನ ಆಂಬುಲೆನ್ಸ್ ಎನಿಸಿಕೊಳ್ಳುತ್ತದೆ. ಅವರಿಲ್ಲದಿದ್ದರೆ ಅದು ಸ್ಟ್ರೆಚರ್ ಹೊತ್ತ ಬಾಡಿಗೆ ವಿಮಾನವಷ್ಟೇ.

ಹಾರಾಟವೆಂದರೆ ವೇಗ ಎಂಬ ನಂಬಿಕೆಯನ್ನು ಡಂಬಳದ ಮಟ್ಟಿಗೆ ಲೆಕ್ಕ ಹಾಕಿಯೇ ಪರಿಶೀಲಿಸಬೇಕು. ಡಂಬಳದಿಂದ ಹುಬ್ಬಳ್ಳಿಗೆ ಆಕಾಶಮಾರ್ಗದ ನೇರ ದೂರ ಸುಮಾರು 70 ಕಿ.ಮೀ. ಗಂಟೆಗೆ 220 ಕಿ.ಮೀ. ವೇಗದಲ್ಲಿ ಹಾರುವ ಹೆಲಿಕಾಪ್ಟರಿಗೆ ಇದು 20 ನಿಮಿಷದ ದಾರಿ. ಆದರೆ ಹೆಲಿಕಾಪ್ಟರ್ ಹುಬ್ಬಳ್ಳಿಯಲ್ಲಿಯೇ ಸಿದ್ಧವಾಗಿದ್ದರೂ ಕರೆ ಬಂದ ಮೇಲೆ ಏರಲು 10 ನಿಮಿಷ, ಬರಲು 20 ನಿಮಿಷ, ಇಳಿದು ರೋಗಿಯನ್ನು ಪರೀಕ್ಷಿಸಿ ಹಾರಾಟಕ್ಕೆ ಅಣಿಗೊಳಿಸಲು ಕನಿಷ್ಠ 15 ನಿಮಿಷ, ಹಿಂದಿರುಗಲು ಮತ್ತೆ 20 ನಿಮಿಷ ಎಂದರೆ ಒಂದು ಗಂಟೆ ದಾಟುತ್ತದೆ. ಆಸ್ಪತ್ರೆಯ ಆವರಣದಲ್ಲಿ ಹೆಲಿಪ್ಯಾಡ್ ಇಲ್ಲದೆ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದರೆ, ಅಲ್ಲಿಂದ ವಿದ್ಯಾನಗರದ ಆಸ್ಪತ್ರೆಗೆ ಊರೊಳಗಿನ ವಾಹನದಟ್ಟಣೆಯ ನಡುವೆ ಇನ್ನೊಂದು ಆಂಬುಲೆನ್ಸ್ ಪಯಣ ಕಾದಿರುತ್ತದೆ. ಡಂಬಳದಲ್ಲಿ ತಕ್ಷಣ ಸಿಕ್ಕಿದ ರಸ್ತೆಯ ಆಂಬುಲೆನ್ಸ್ ಇಷ್ಟು ಹೊತ್ತಿಗೆ ಗದಗವನ್ನು ಮುಟ್ಟಿ ಬಹಳ ಹೊತ್ತಾಗಿರುತ್ತದೆ, ಹುಬ್ಬಳ್ಳಿಯನ್ನೂ ಸಮೀಪಿಸಿರುತ್ತದೆ. ಹೆಲಿಕಾಪ್ಟರ್ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ಭಾವಿಸುವವರು ಗಮನಿಸಬೇಕಾದ ಮೊದಲ ಸತ್ಯವಿದು.

ಹಾಗಾದರೆ ಹಾರಾಟದ ನಿಜವಾದ ಲಾಭ ಎಲ್ಲಿದೆ? ಗದಗ ಅಥವಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪ್ರಾಣಕ್ಕೆ ಆಧಾರ ಸಿಕ್ಕಿದ ರೋಗಿಯನ್ನು ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೆ ಸಾಗಿಸುವಾಗ ರಸ್ತೆಯ ಏಳೆಂಟು ಗಂಟೆ ವಿಮಾನದಲ್ಲಿ ಒಂದು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ವೆಂಟಿಲೇಟರಿನ ಮೇಲಿರುವ ನವಜಾತ ಶಿಶುವಿಗೆ, ತೀವ್ರವಾಗಿ ಸುಟ್ಟ ಗಾಯಗಳಾದವರಿಗೆ, ಮಿದುಳಿನ ಅಥವಾ ಹೃದಯದ ವಿಶೇಷ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಈ ವ್ಯತ್ಯಾಸ ಬದುಕು ಸಾವುಗಳ ವ್ಯತ್ಯಾಸವಾಗಬಹುದು. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನಗಳ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ರಸ್ತೆಯ ಮೂಲಕವೇ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಲಾಯಿತು. ಅದಕ್ಕಾಗಿ ಪೊಲೀಸರು ದಾರಿಯುದ್ದಕ್ಕೂ ಸಂಚಾರವನ್ನು ತಡೆದು ‘ಝೀರೋ ಟ್ರಾಫಿಕ್’ ವ್ಯವಸ್ಥೆ ಮಾಡಬೇಕಾಯಿತು, ಜನ ಬೀದಿಬದಿಯಲ್ಲಿ ನಿಂತು ದಾರಿ ಬಿಡಿಸಿದರು. ಚಾಲಕನ ಸಾಹಸವೂ ಜನರ ಸಹಕಾರವೂ ಮೆಚ್ಚತಕ್ಕವೇ, ಆದರೆ ಪ್ರತಿ ಮಗುವಿಗೂ ಇಡೀ ಹೆದ್ದಾರಿಯನ್ನು ತೆರವುಗೊಳಿಸುವುದು ಒಂದು ವ್ಯವಸ್ಥೆಯಾಗಲಾರದು. ಹಾರಾಟದ ಇನ್ನೊಂದು ಲಾಭ ಕಾಣುವುದು ರಸ್ತೆಯೇ ಇಲ್ಲವಾದಾಗ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದುದು ಗದಗ ಜಿಲ್ಲೆಯವರ ನೆನಪಿನಲ್ಲಿದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆಯ ಕೆಳಹರಿವಿನ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ನೂರಾರು ಜನರನ್ನು ಹೊರತರಲು ಹೆಲಿಕಾಪ್ಟರುಗಳೂ ಬರಬೇಕಾಯಿತು.

ಎಲ್ಲ ತುರ್ತಿಗೂ ಹಾರಾಟವೇ ಮದ್ದಲ್ಲ ಎಂಬುದನ್ನು ವೈದ್ಯಶಾಸ್ತ್ರವೂ ಹೇಳುತ್ತದೆ. ಹೊಲದಲ್ಲಿ ಹಾವು ಕಚ್ಚಿದ ರೈತನಿಗೆ ಬೇಕಾದುದು ಹತ್ತಿರದ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಮತ್ತು ಉಸಿರಾಟಕ್ಕೆ ನೆರವು ಕೊಡಬಲ್ಲ ವೈದ್ಯರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು, ಎಲ್ಲಿ ಎಷ್ಟು ಔಷಧ ಬೇಕೆಂಬುದನ್ನು ಅರಿಯಲು ಇದು ನೆರವಾಗುತ್ತದೆ. ಹೃದಯಾಘಾತದಲ್ಲಿಯೂ ರಕ್ತನಾಳದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ, ರೋಗಿಯನ್ನು ಸಾಗಿಸುವುದಕ್ಕಿಂತ ಮೊದಲು ಚಿಕಿತ್ಸೆಯನ್ನೇ ರೋಗಿಯ ಬಳಿಗೆ ತರುತ್ತದೆ. ಮೇಲಾಗಿ ಎತ್ತರಕ್ಕೆ ಏರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ದೇಹದೊಳಗೆ ಸಿಲುಕಿದ ಗಾಳಿ ಹಿಗ್ಗುವುದರಿಂದ, ಪೆಟ್ಟು ಬಿದ್ದು ಪುಪ್ಪುಸದ ಸುತ್ತ ಗಾಳಿ ತುಂಬಿಕೊಂಡ ರೋಗಿಯನ್ನು ಆ ಗಾಳಿಯನ್ನು ಹೊರತೆಗೆಯದೆ ಹಾರಿಸಿದರೆ ದಾರಿಯಲ್ಲಿಯೇ ಪ್ರಾಣಕ್ಕೆ ಅಪಾಯವಾಗಬಹುದು. ಹೆಲಿಕಾಪ್ಟರಿನ ಸದ್ದಿನಲ್ಲಿ ಸ್ಟೆತಾಸ್ಕೋಪು ಕೆಲಸಕ್ಕೆ ಬಾರದು, ಇಕ್ಕಟ್ಟಿನಲ್ಲಿ ದೊಡ್ಡ ಉಪಚಾರ ಮಾಡಲಾಗದು. ಆದ್ದರಿಂದ ಹೊರಡುವ ಮುನ್ನವೇ ರೋಗಿಯನ್ನು ಸ್ಥಿರಗೊಳಿಸಬೇಕು. ಆ ಕೆಲಸ ನಡೆಯುವುದು ನೆಲದ ಮೇಲಿನ ಆಸ್ಪತ್ರೆಯಲ್ಲಿ.

ಕರ್ನಾಟಕದಲ್ಲಿ ಆ ನೆಲದ ವ್ಯವಸ್ಥೆಯ ಬೆನ್ನೆಲುಬು 108. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆ, ಹಣದ ಮಾತೆತ್ತದೆ ಬಂದು ಕರೆದೊಯ್ಯುವ ವಾಹನವೊಂದು ತಮಗೂ ಇದೆ ಎಂಬ ಭರವಸೆಯನ್ನು ಹಳ್ಳಿಯ ಬಡವರಲ್ಲಿ ಮೂಡಿಸಿತು. ಆಕಾಶದ ಸೇವೆ ಮಾತ್ರ ರಾಜ್ಯದಲ್ಲಿ ಬೆಳೆದುದು ಮುಖ್ಯವಾಗಿ ಖಾಸಗಿ ರಂಗದಲ್ಲಿ. ಬೆಂಗಳೂರಿನ ವೈದ್ಯರು ಕಟ್ಟಿದ ಐಸಿಎಟಿಟಿ ಸಂಸ್ಥೆ 2020ರಲ್ಲಿ ಜಕ್ಕೂರಿನ ವೈಮಾನಿಕ ನೆಲೆಯಿಂದ ಏರ್ ಆಂಬುಲೆನ್ಸ್ ಸೇವೆಯನ್ನು ಆರಂಭಿಸಿತು. ಇಂಥ ಸೇವೆಗಳ ವೈದ್ಯಕೀಯ ಗುಣಮಟ್ಟ ಎಷ್ಟೇ ಉತ್ತಮವಾಗಿದ್ದರೂ, ಲಕ್ಷಗಳಲ್ಲಿ ಎಣಿಸಬೇಕಾದ ಬಾಡಿಗೆಯನ್ನು ಮನೆಯವರೇ ಭರಿಸಬೇಕಾದಾಗ ಡಂಬಳದ ಒಣಬೇಸಾಯದ ರೈತನಿಗೆ ಅದು ಇದ್ದೂ ಇಲ್ಲದ ಸೌಲಭ್ಯ. ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಧ್ರುವ ಹೆಲಿಕಾಪ್ಟರುಗಳನ್ನು ಕಟ್ಟುತ್ತಿರುವಾಗ, ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ದೊಡ್ಡ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿರುವಾಗ, ಹೆಲಿಕಾಪ್ಟರ್ ತಯಾರಿಸುವ ನಾಡಿನಲ್ಲಿಯೇ ಬಡ ರೋಗಿಗೆ ಹೆಲಿಕಾಪ್ಟರ್ ನಿಲುಕದಿರುವುದು ನೋವಿನ ಸಂಗತಿ. ಬೇರೆ ರಾಜ್ಯಗಳಲ್ಲಿ ಸರ್ಕಾರಿ ಪ್ರಯತ್ನಗಳು ಆರಂಭವಾಗಿವೆ. ಮಧ್ಯಪ್ರದೇಶ 2024ರಲ್ಲಿ ಪಿಎಂಶ್ರೀ ಏರ್ ಆಂಬುಲೆನ್ಸ್ ಸೇವೆಯನ್ನು ತೆರೆದು ಆಯುಷ್ಮಾನ್ ಕಾರ್ಡ್ ಇರುವವರಿಗೆ ಅದನ್ನು ಉಚಿತಗೊಳಿಸಿತು. ಉತ್ತರಾಖಂಡದ ಹೃಷಿಕೇಶದ ಏಮ್ಸ್ ಆಸ್ಪತ್ರೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ‘ಸಂಜೀವನಿ’ ಎಂಬ ಹೆಲಿಕಾಪ್ಟರ್ ಸೇವೆ ಉದ್ಘಾಟನೆಗೊಂಡಿತು. ಆ ಹೆಲಿಕಾಪ್ಟರ್ 2025ರ ಮೇ 17ರಂದು ಕೇದಾರನಾಥದಲ್ಲಿ ಇಳಿಯುವಾಗ ಹಾನಿಗೊಂಡಿತು. ಒಳಗಿದ್ದವರು ಪಾರಾದರು, ಆದರೆ ಒಂದೇ ಹೆಲಿಕಾಪ್ಟರನ್ನು ನಂಬಿದ ಸೇವೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಆ ಘಟನೆ ತೋರಿಸಿತು.

ಹಣದ ಪ್ರಶ್ನೆಯ ತಿರುಳನ್ನು ಇಲ್ಲಿ ಬಿಡಿಸಿ ನೋಡಬೇಕು. ಏರ್ ಆಂಬುಲೆನ್ಸಿನ ವೆಚ್ಚದಲ್ಲಿ ಹಾರಾಟದ ಇಂಧನದ ಪಾಲು ದೊಡ್ಡದಲ್ಲ. ಕರೆ ಬರಲಿ ಬಾರದಿರಲಿ ಪೈಲಟ್, ಎಂಜಿನಿಯರ್, ವೈದ್ಯ, ದಾದಿ ಸರದಿಯ ಪ್ರಕಾರ ಕಾದಿರಬೇಕು. ಗಂಟೆಗಳ ಲೆಕ್ಕದಲ್ಲಿ ಯಂತ್ರದ ಭಾಗಗಳನ್ನು ಬದಲಿಸಬೇಕು. ವಿಮೆ, ತಂಗುದಾಣ, ತರಬೇತಿಗಳ ಖರ್ಚು ನಿಲ್ಲುವುದಿಲ್ಲ. ಒಟ್ಟಿನಲ್ಲಿ ಖರ್ಚಾಗುವುದು ಸನ್ನದ್ಧತೆಗೆ. ಹಾರಿದ ರೋಗಿಯಿಂದಲೇ ಈ ಸನ್ನದ್ಧತೆಯ ಬೆಲೆಯನ್ನೆಲ್ಲ ವಸೂಲು ಮಾಡಹೊರಟರೆ ಏನಾಗುತ್ತದೆಂಬುದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿ ಪ್ರಜ್ಞೆಯಿಲ್ಲದೆ ಹೆಲಿಕಾಪ್ಟರ್ ಏರಿದವರ ಮನೆಗೆ ಆಸ್ತಿಯನ್ನೇ ಕರಗಿಸುವಂಥ ಬಿಲ್ಲುಗಳು ಬರತೊಡಗಿ, ಕೊನೆಗೆ 2022ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಮೂಲಕ ವಿಮೆಯುಳ್ಳವರಿಗೆ ಅದರಿಂದ ರಕ್ಷಣೆ ಕೊಡಬೇಕಾಯಿತು. ಅದೇ ದೇಶದ ಮೇರಿಲ್ಯಾಂಡ್ ರಾಜ್ಯ ಬೇರೆಯ ದಾರಿ ಹಿಡಿಯಿತು: ವಾಹನ ನೋಂದಣಿಯ ಜೊತೆ ಸಣ್ಣದೊಂದು ಶುಲ್ಕ ಸೇರಿಸಿ, ಆ ನಿಧಿಯಿಂದ ಪೊಲೀಸ್ ಇಲಾಖೆಯ ವೈದ್ಯಕೀಯ ಹೆಲಿಕಾಪ್ಟರುಗಳನ್ನೂ ಇಡೀ ತುರ್ತುಸೇವೆಯನ್ನೂ ಸಲಹುತ್ತಿದೆ.

ಈ ಸೇವೆಯ ಮೂಲಕಥೆ ಆಸ್ಟ್ರೇಲಿಯದ್ದು. ಒಳನಾಡಿನ ಒಂಟಿ ಮನೆಗಳಲ್ಲಿ ವೈದ್ಯರಿಲ್ಲದೆ ಸಾಯುತ್ತಿದ್ದವರನ್ನು ಕಂಡು ಮರುಗಿದ ಜಾನ್ ಫ್ಲಿನ್ ಎಂಬ ಪಾದ್ರಿಗೆ, ಮೊದಲ ಮಹಾಯುದ್ಧಕ್ಕೆ ಹೊರಟಿದ್ದ ಕ್ಲಿಫರ್ಡ್ ಪೀಲ್ ಎಂಬ ತರುಣ 1917ರಲ್ಲಿ ಬರೆದ ಪತ್ರವೊಂದು ವಿಮಾನದ ಸಾಧ್ಯತೆಯನ್ನು ತೋರಿಸಿತು. ಆ ತರುಣ ಯುದ್ಧದಿಂದ ಮರಳಲಿಲ್ಲ, ಫ್ಲಿನ್ ಹತ್ತು ವರ್ಷ ಹಣಕ್ಕಾಗಿ ಜನರ ಬಳಿಗೆ ಹೋದ. ಕೃಷಿ ಯಂತ್ರಗಳ ತಯಾರಕ ಎಚ್.ವಿ. ಮೆಕೆ ತನ್ನ ಮರಣಪತ್ರದಲ್ಲಿ ಬಿಟ್ಟುಹೋದ 2,000 ಪೌಂಡುಗಳು ಇದಕ್ಕೆ ಬುನಾದಿಯಾದವು. ಕ್ವಾಂಟಸ್ ಎಂಬ ಆಗಿನ ಸಣ್ಣ ಕಂಪನಿ ಮೈಲಿಗೆ ಎರಡು ಶಿಲಿಂಗಿನಂತೆ ವಿಮಾನವನ್ನು ಬಾಡಿಗೆಗೆ ಕೊಟ್ಟಿತು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಿಂದ ಮೊದಲ ಹಾರಾಟ ನಡೆದು, ಮೊದಲ ವರ್ಷದಲ್ಲಿ 50 ಹಾರಾಟಗಳಲ್ಲಿ 225 ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು. ಆದರೆ ವಿಮಾನವಿದ್ದರೂ ಕರೆಯುವುದು ಹೇಗೆ? ವಿದ್ಯುತ್ತಿಲ್ಲದ ಮನೆಯವರೂ ಕಾಲಿನಿಂದ ತುಳಿದು ನಡೆಸಬಹುದಾದ ಪೆಡಲ್ ರೇಡಿಯೊವನ್ನು 1929ರಲ್ಲಿ ಆಲ್ಫ್ರೆಡ್ ಟ್ರೇಗರ್ ರೂಪಿಸಿದ ಮೇಲೆಯೇ ಈ ಸೇವೆ ಜನರ ಸೇವೆಯಾಯಿತು. ಇಂದು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಎಂದು ಹೆಸರಾದ ಈ ಸಂಸ್ಥೆ ಸರ್ಕಾರದ ಅನುದಾನ ಮತ್ತು ಜನರ ದಾನ ಎರಡನ್ನೂ ನೆಚ್ಚಿಕೊಂಡಿದೆ. ಕೇವಲ ಒಂದನ್ನು ನಂಬದಿರುವುದೇ ಅದರ ದೀರ್ಘಾಯುಸ್ಸಿನ ಕಾರಣಗಳಲ್ಲಿ ಒಂದೆನ್ನಬಹುದು.

ಸ್ವಿಟ್ಜರ್ಲೆಂಡಿನ ರೇಗಾ ಇನ್ನೂ ಹೆಚ್ಚು ಗಮನಾರ್ಹ. 1952ರಲ್ಲಿ ಹುಟ್ಟಿದ ಈ ಪರ್ವತ ರಕ್ಷಣಾ ಸಂಸ್ಥೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1966ರಲ್ಲಿ ನೇರವಾಗಿ ಜನರ ಮುಂದೆ ನಿಂತು ವರ್ಷಕ್ಕೊಮ್ಮೆ ಚಿಕ್ಕ ಮೊತ್ತ ಕೊಟ್ಟು ಪೋಷಕರಾಗಲು ಕೇಳಿಕೊಂಡಿತು. ಇಂದು ಸುಮಾರು 90 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ರೇಗಾದ ಪೋಷಕರು 35 ಲಕ್ಷಕ್ಕೂ ಹೆಚ್ಚು. ಪೋಷಕರಿಗೆ ಅಪಘಾತವಾಗಿ ವಿಮೆಯಿಂದ ಹಣ ಬಾರದಿದ್ದರೆ ಸಂಸ್ಥೆ ವೆಚ್ಚವನ್ನು ಮನ್ನಾ ಮಾಡುತ್ತದೆ. ಆದರೂ ಅದು ವಿಮೆಯ ಒಪ್ಪಂದವಲ್ಲ, ಪೋಷಕರು ಕೊಡುವುದು ಕೊಡುಗೆ, ಸಂಸ್ಥೆ ಮಾಡುವುದು ಕೃತಜ್ಞತೆಯ ಮನ್ನಾ. ಜೀವನವಿಡೀ ಹೆಲಿಕಾಪ್ಟರ್ ಏರದ ಲಕ್ಷಾಂತರ ಜನ ವರ್ಷವರ್ಷವೂ ಕೊಡುತ್ತಲೇ ಇರುವುದು ಯಾರೋ ಒಬ್ಬರಿಗೆ ಅದು ಬೇಕಾಗುತ್ತದೆಂಬ ಅರಿವಿನಿಂದ.

ಈ ತತ್ತ್ವ ಗದಗ ಜಿಲ್ಲೆಗೆ ಹೊಸದಲ್ಲ, ಹೊರಗಿನಿಂದ ತರಬೇಕಾದುದೂ ಅಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಏಷ್ಯಾದಲ್ಲಿಯೇ ಮೊದಲನೆಯದೆಂದು ಗೌರವಿಸಲಾಗುತ್ತದೆ. ಅದೇ ದಾರಿಯಲ್ಲಿ ಹುಲಕೋಟಿಯಂಥ ಹಳ್ಳಿ ಸಹಕಾರದಿಂದಲೇ ಹೆಸರಾಯಿತು. ಇನ್ನೂ ಹಿಂದೆ ಹೋದರೆ, ಧರ್ಮವೊಳಲು ಎಂದು ಕರೆಸಿಕೊಳ್ಳುತ್ತಿದ್ದ ಡಂಬಳದಲ್ಲಿಯೇ 1095ರ ಶಾಸನವೊಂದು ಹದಿನಾರು ಮಂದಿ ಸೆಟ್ಟಿಗಳು ಕೂಡಿ ಬೌದ್ಧ ವಿಹಾರವನ್ನು ಕಟ್ಟಿಸಿದುದನ್ನು ದಾಖಲಿಸಿದೆ. ಚಿಕಿತ್ಸೆಯ ಕ್ಷೇತ್ರಕ್ಕೆ ಸಹಕಾರ ತತ್ತ್ವವನ್ನು ತಂದ ರಾಜ್ಯದ ಪ್ರಯೋಗವೆಂದರೆ ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಒತ್ತಾಸೆಯಿಂದ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ರೈತ ಆರಂಭದಲ್ಲಿ ಕೊಡಬೇಕಿದ್ದುದು ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ ಐದು ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದಾಗ ನಿಂತುಹೋದ ಯಶಸ್ವಿನಿಯನ್ನು 2022ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಸರ್ಕಾರದ ಒಂದು ಯೋಜನೆ ಬಂದ ಕೂಡಲೇ ಜನರ ಸಹಭಾಗಿತ್ವವನ್ನು ಕೈಬಿಡಬಾರದೆಂಬ ಪಾಠ ಆ ನಾಲ್ಕು ವರ್ಷಗಳ ಅಂತರದಲ್ಲಿದೆ.

ಯಶಸ್ವಿನಿಯ ಮಾದರಿಯನ್ನು ಹಾರಾಟಕ್ಕೆ ಅನ್ವಯಿಸಿ ಲೆಕ್ಕ ಹಾಕಬಹುದು. 2011ರ ಜನಗಣತಿಯಂತೆ ಗದಗ ಜಿಲ್ಲೆಯ ಜನಸಂಖ್ಯೆ ಸುಮಾರು 10.6 ಲಕ್ಷ, ತಲೆಗೆ ತಿಂಗಳಿಗೆ ಒಂದು ರೂಪಾಯಿಯಂತೆ ಕೂಡಿಸಿದರೆ ವರ್ಷಕ್ಕೆ ಸುಮಾರು 1.27 ಕೋಟಿ ರೂಪಾಯಿಯಾಗುತ್ತದೆ. ಒಂದು ಹೆಲಿಕಾಪ್ಟರನ್ನು ವೈದ್ಯ ತಂಡದೊಂದಿಗೆ ವರ್ಷವಿಡೀ ಸಿದ್ಧವಾಗಿಡಲು ಇದು ಏನೇನೂ ಸಾಲದು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಧಾರವಾಡ, ಹಾವೇರಿ, ಉತ್ತರ ಕನ್ನಡ ಈ ಏಳು ಜಿಲ್ಲೆಗಳ ಬೆಳಗಾವಿ ವಿಭಾಗವನ್ನು ಒಂದು ಘಟಕವೆಂದು ಭಾವಿಸಿದರೆ ಅದೇ ಒಂದು ರೂಪಾಯಿ ವರ್ಷಕ್ಕೆ 17 ಕೋಟಿಯನ್ನು ಮೀರುತ್ತದೆ, ಅದಕ್ಕೆ ಸರ್ಕಾರ ಸಮಪಾಲು ಸೇರಿಸಿದರೆ ಮೊತ್ತ ಇಮ್ಮಡಿಯಾಗುತ್ತದೆ. ಪ್ರತಿಯೊಬ್ಬರೂ ಕೊಡುವರೆಂದು ಎಣಿಸುವುದು ವಾಸ್ತವಕ್ಕೆ ದೂರವಾದರೂ, ಈ ಸೇವೆಯನ್ನು ಜಿಲ್ಲೆಯ ಅಳತೆಯಲ್ಲಿ ಯೋಚಿಸಬಾರದು, ವಿಭಾಗದ ಅಳತೆಯಲ್ಲಿ ಯೋಚಿಸಬೇಕೆಂಬುದು ಇದರಿಂದ ಖಚಿತವಾಗುತ್ತದೆ. ರಸ್ತೆ ಅಪಘಾತಗಳ ಮಟ್ಟಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ಚಿಕಿತ್ಸೆಗೆ ಅವಕಾಶ ಕೊಟ್ಟಿದೆ; ಚಿಕಿತ್ಸೆಯ ವೆಚ್ಚವನ್ನು ಸಮಾಜ ಹೊರಬೇಕೆಂದು ಒಪ್ಪಿದ ಮೇಲೆ, ಆ ಚಿಕಿತ್ಸೆಯ ಬಾಗಿಲಿಗೆ ತಲುಪಿಸುವ ವೆಚ್ಚವನ್ನು ಮನೆಯವರ ಮೇಲೆಯೇ ಬಿಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಯಾರನ್ನು ಹಾರಿಸಬೇಕೆಂಬ ತೀರ್ಮಾನ ಮಾತ್ರ ಸದಸ್ಯತ್ವದ ಚೀಟಿಯನ್ನಾಗಲಿ ಶಿಫಾರಸನ್ನಾಗಲಿ ನೋಡದೆ, 108ರ ನಿಯಂತ್ರಣ ಕೊಠಡಿಯಲ್ಲಿರುವ ವೈದ್ಯರ ಕೈಯಲ್ಲಿ ಇರಬೇಕು. ಹಾಗಿಲ್ಲದಿದ್ದರೆ ಜನರ ಹಣದಿಂದ ನಡೆಯುವ ಸೇವೆ ಪ್ರಭಾವಿಗಳ ವಾಹನವಾಗಲು ತಡವಾಗದು.

ನೆಲದ ಮೇಲಿನ ಸಿದ್ಧತೆಗೆ ಇಷ್ಟು ಹಣ ಬೇಕಿಲ್ಲ, ಅದಕ್ಕಾಗಿ ಹೆಲಿಕಾಪ್ಟರ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮಂತ್ರಿಗಳ ಭೇಟಿಗೂ ಚುನಾವಣಾ ಸಭೆಗಳಿಗೂ ತಾಲ್ಲೂಕು ಕೇಂದ್ರಗಳಲ್ಲಿ ತಾತ್ಕಾಲಿಕ ಹೆಲಿಪ್ಯಾಡ್ ಸಿದ್ಧಪಡಿಸಿ ರೂಢಿಯಿರುವ ಲೋಕೋಪಯೋಗಿ ಇಲಾಖೆಗೆ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಡಂಬಳಗಳಲ್ಲಿ ಆಸ್ಪತ್ರೆಗೆ ಹತ್ತಿರದ ಒಂದೊಂದು ಬಯಲನ್ನು ಗುರುತಿಸಿ ಗಟ್ಟಿಗೊಳಿಸುವುದು ಕಷ್ಟದ ಕೆಲಸವಲ್ಲ. ಇಲ್ಲಿನ ಎರೆಭೂಮಿ ಬೇಸಿಗೆಯಲ್ಲಿ ಧೂಳೆದ್ದು ಪೈಲಟ್‌ನ ಕಣ್ಣು ಕಟ್ಟುತ್ತದೆ, ಮಳೆಗಾಲದಲ್ಲಿ ಅಂಟುಕೆಸರಾಗಿ ಸ್ಟ್ರೆಚರನ್ನು ಹಿಡಿದಿಡುತ್ತದೆ. ಆದ್ದರಿಂದ ಜಾಗವನ್ನು ಆರಿಸುವವರು ಮಣ್ಣನ್ನೂ ನೋಡಬೇಕು. ಕಪ್ಪತಗುಡ್ಡದ ಸಾಲಿನಲ್ಲೂ ಸುತ್ತಲಿನ ಬಯಲಿನಲ್ಲೂ ಎದ್ದು ನಿಂತಿರುವ ಗಾಳಿಯಂತ್ರಗಳೂ ಅವುಗಳ ವಿದ್ಯುತ್ ತಂತಿಗಳೂ ಕೆಳಮಟ್ಟದಲ್ಲಿ ಹಾರುವ ಹೆಲಿಕಾಪ್ಟರಿಗೆ ಗಂಡಾಂತರಕಾರಿಯಾದ್ದರಿಂದ, ಅವುಗಳ ನೆಲೆ ಮತ್ತು ಎತ್ತರಗಳನ್ನು ತೋರಿಸುವ ನಕ್ಷೆಯೊಂದು ಜಿಲ್ಲಾಡಳಿತದ ಬಳಿ ಸಿದ್ಧವಿರಬೇಕು. ಹುಬ್ಬಳ್ಳಿಯ ವಿಮಾನ ನಿಲ್ದಾಣವಲ್ಲದೆ ಕೊಪ್ಪಳದ ಗಿಣಗೇರಿಯಲ್ಲಿ ಖಾಸಗಿ ರನ್‌ವೇ ಒಂದಿದ್ದು, ತುರ್ತಿಗೆ ಅದನ್ನು ಬಳಸುವ ಒಪ್ಪಂದ ಮೊದಲೇ ಆಗಿದ್ದರೆ ಮುಂಡರಗಿ ಸೀಮೆಗೆ ರೆಕ್ಕೆಯ ವಿಮಾನ ಇನ್ನಷ್ಟು ಹತ್ತಿರವಾಗುತ್ತದೆ.

ಕೊನೆಯದಾಗಿ, ವಾಯುಮಾರ್ಗದ ಸೇವೆಯೆಂದರೆ ಮನುಷ್ಯರನ್ನು ಹೊತ್ತು ಹಾರುವುದಷ್ಟೇ ಅಲ್ಲ. 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ನಿಯಂತ್ರಕನ ಕಣ್ಣಳತೆಯ ಆಚೆಗೆ ಔಷಧ ಒಯ್ಯುವ ಡ್ರೋನುಗಳ ಪರೀಕ್ಷೆ ನಡೆಯಿತು. ಆ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಜೊತೆಗೂಡಿ, ಕಾರ್ಕಳದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ತೆಗೆದ ಅಂಗಾಂಶದ ತುಣುಕನ್ನು ರಸ್ತೆಯಲ್ಲಿ ಸುಮಾರು ಒಂದು ಗಂಟೆ ಹಿಡಿಯುವ ದೂರದ ಮಣಿಪಾಲಕ್ಕೆ ಡ್ರೋನಿನಲ್ಲಿ ಕಾಲು ಗಂಟೆಯ ಆಸುಪಾಸಿನಲ್ಲಿ ಕಳುಹಿಸಿ ತೋರಿಸಿತು. ಗದಗದಿಂದ ಡಂಬಳಕ್ಕಿರುವ ಅಂತರ ಅದಕ್ಕಿಂತ ಕಡಿಮೆ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ರಕ್ತ, ಹಾವು ಕಚ್ಚಿದವನಿಗೆ ದಾಸ್ತಾನು ಮುಗಿದ ಔಷಧ ಇವು ಹೆಲಿಕಾಪ್ಟರಿನ ವೆಚ್ಚದ ಒಂದು ಅಂಶದಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳಕ್ಕೆ ಬಂದಿಳಿಯಬಹುದಾದ್ದರಿಂದ, ವಿಭಾಗ ಮಟ್ಟದ ಯಾವುದೇ ನಿಧಿ ಹುಟ್ಟುವುದಾದರೆ ಅದರ ಮೊದಲ ಹಣ ಇದಕ್ಕೆ ಮೀಸಲಾಗುವುದು ಯುಕ್ತ. ಹೆಲಿಕಾಪ್ಟರ್ ಮತ್ತು ವಿಮಾನಗಳ ಗುತ್ತಿಗೆ, ಹುಬ್ಬಳ್ಳಿಯ ಆಸ್ಪತ್ರೆಯ ಆವರಣದೊಳಗೆ ಒಂದು ಹೆಲಿಪ್ಯಾಡ್ ಮತ್ತು ಹಾರುವ ವೈದ್ಯರ ತಂಡದ ತರಬೇತಿ ಅದರ ಬೆನ್ನಿಗೆ ಬರಬೇಕಾದ ಕೆಲಸಗಳು.